ಕಿರಿದಾದ ಬಾಯಿ

ನಮ್ಮ ಭೈರವಾನಿತಿಪ್ಪದಲ್ಲಿ ನೀರಿಗೆ ಬರ ಬಂದದ್ದುಂಟು. ಗಾಳಿಗೆ ಬರ ಬಂದದ್ದನ್ನು ನಾವು ಕಂಡಿಲ್ಲ. ಪುಸ್ತಕದಲ್ಲಿ ವೇದಾವತಿ ಎಂದೂ ಜನರ ಬಾಯಲ್ಲಿ ಹಗರಿ ಎಂದೂ ಕರೆಸಿಕೊಳ್ಳುವ ಹೊಳೆ ಮಾರಿಕಣಿವೆಯಲ್ಲಿ ತಡೆದು ನಿಂತು, ಚಳ್ಳಕೆರೆಯ ಸೀಮೆಯನ್ನು ಹಾಯ್ದು, ನಮ್ಮ ಜಲಾಶಯವನ್ನು ಮುಟ್ಟುವ ಹೊತ್ತಿಗೆ ಎಷ್ಟೋ ವರ್ಷ ಬರಿಯ ಹೆಸರಾಗಿ ಉಳಿದಿರುತ್ತದೆ. ಗಾಳಿಯ ಮಾತು ಹಾಗಲ್ಲ. ಆಷಾಢ ಕಾಲಿಟ್ಟಿತೆಂದರೆ ಶಾಲೆಯ ಕಿಟಕಿಯ ಬಾಗಿಲುಗಳಿಗೆ ಕಲ್ಲು ಒರಗಿಸಬೇಕು. ಕಣೇಕಲ್ಲು, ಬೊಮ್ಮನಹಾಳುಗಳ ಕಡೆ ಹಗರಿಯ ಮರಳು ಎದ್ದು ಬಂದು ಹೊಲಗಳ ಮೇಲೆ ದಿಬ್ಬವಾಗಿ ಕೂರುತ್ತದೆ. ರಾಯದುರ್ಗ, ಕಲ್ಯಾಣದುರ್ಗಗಳ ಗುಡ್ಡಗಳ ನೆತ್ತಿಯ ಮೇಲೆ ಈಚಿನ ವರ್ಷಗಳಲ್ಲಿ ನೆಟ್ಟ ಗಾಳಿಯಂತ್ರಗಳು ಹಗಲಿರುಳು ತಿರುಗುತ್ತವೆ. ಐವತ್ತು ವರ್ಷಕ್ಕೂ ಮೇಲೆ ಈ ಗಾಳಿಯಲ್ಲಿಯೇ ಬೆಳೆದ ನಮಗೆ ಅದರ ಸ್ವಭಾವ ತಿಳಿದಿದೆ ಎಂಬ ಜಂಬವೊಂದಿತ್ತು. ಕಳೆದ ಆಷಾಢದಲ್ಲಿ ಊರಿಗೆ ಬಂದ ಹಳೆಯ ವಿದ್ಯಾರ್ಥಿಯೊಬ್ಬ ಅದನ್ನು ಇಳಿಸಿ ಹೋದ.

ಆತನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಆತನ ತಾಯಿ ಈ ಪತ್ರಿಕೆಯನ್ನು ಮೊಮ್ಮಗಳಿಂದ ಓದಿಸಿ ಕೇಳುವವರು. ಮಗ ವಿಮಾನದ ಗೊಡವೆಗೆ ಬಿದ್ದಿದ್ದಾನೆಂದು ಅವರಿಗೆ ಪೂರ್ತಿ ಗೊತ್ತಿಲ್ಲ. ಗಡಿಯ ಇನ್ನೊಂದು ಹಳ್ಳಿಯ ಕನ್ನಡ ಶಾಲೆಯಲ್ಲಿ ನಾವು ಸಹಶಿಕ್ಷಕರಾಗಿದ್ದಾಗ ಆತ ಏಳನೆಯ ತರಗತಿಯಲ್ಲಿದ್ದ. ಮುಂದೆ ಡಿಪ್ಲೊಮಾ ಮುಗಿಸಿ, ಕೆಲವು ವರ್ಷ ಟ್ರ್ಯಾಕ್ಟರ್ ರಿಪೇರಿಯ ಷೆಡ್ಡಿನಲ್ಲಿ ಕೈ ಕಪ್ಪು ಮಾಡಿಕೊಂಡು, ಬೆಂಗಳೂರು ಸೇರಿ, ಅಲ್ಲಿಂದ ಅಮೆರಿಕಕ್ಕೆ ಹೋದವನು. ಈಗ ಅಲ್ಲಿಯ ಒಂದು ಸಣ್ಣ ಪಟ್ಟಣದ ಮೋಟಾರು ಕಾರ್ಖಾನೆಯಲ್ಲಿ ಕೆಲಸ. ತಾಯಿಯ ಕಣ್ಣಿನ ಪೊರೆ ತೆಗೆಸಲೆಂದು ಬಂದವನು ಸಂಜೆ ಶಾಲೆಗೆ ಬಂದು, ಮಕ್ಕಳ ಬೆಂಚಿನ ಮೇಲೆ ಕುಳಿತು, "ಸಾರ್, ಒಂದು ಕಷ್ಟ ತಂದಿದ್ದೀನಿ. ನಗಬಾರದು" ಎಂದ.

ಕಷ್ಟವೇನೆಂದರೆ ವಿಮಾನದ ಎಂಜಿನ್ ಕಾಯುತ್ತಿತ್ತು.

ವಾಚಕರಲ್ಲಿ ಕೆಲವರಿಗೆ ಇದು ಕಟ್ಟುಕಥೆಯೆನಿಸೀತು. ಮನೆಯಲ್ಲಿ ವಿಮಾನ ಕಟ್ಟುವುದುಂಟೆ? ಉಂಟು. ಅಮೆರಿಕದಲ್ಲಿ ಅರ್ಧಕ್ಕಿಂತ ಹೆಚ್ಚಿನ ಕೆಲಸವನ್ನು ಹವ್ಯಾಸಿಯೇ ಮಾಡಿದ್ದಾದರೆ ಅಂಥ ವಿಮಾನವನ್ನು ಪರೀಕ್ಷಿಸಿ ಹಾರಲು ಬಿಡುವ ಕಾನೂನಿದೆ. ಅಲ್ಲಿ ಸಾವಿರಾರು ಜನ ಕಾರು ನಿಲ್ಲಿಸುವ ಕೊಟ್ಟಿಗೆಯಲ್ಲಿಯೇ ವಿಮಾನ ಕಟ್ಟಿದ್ದಾರೆ. ನಮ್ಮ ದೇಶದಲ್ಲಿಯೂ ಮುಂಬಯಿಯ ಪೈಲಟ್ ಅಮೋಲ್ ಯಾದವ್ ಎಂಬವರು ಮನೆಯ ಮಾಳಿಗೆಯ ಮೇಲೆ ವಿಮಾನ ಕಟ್ಟಿ, ಬಹಳ ವರ್ಷ ಕಚೇರಿಗಳ ಮೆಟ್ಟಿಲು ಹತ್ತಿ ಇಳಿದು, 2019ರಲ್ಲಿ ಹಾರಾಟದ ಅನುಮತಿ ಪಡೆದರು. ನಮ್ಮ ವಿದ್ಯಾರ್ಥಿ ಕಟ್ಟುತ್ತಿದ್ದುದು ತನ್ನ ವಿಮಾನವನ್ನಲ್ಲ. ಪಕ್ಕದ ಮನೆಯ ಎಪ್ಪತ್ತರ ವೃದ್ಧರೊಬ್ಬರು ಹತ್ತು ವರ್ಷಗಳಿಂದ ಇಬ್ಬರು ಕೂರುವ ವಿಮಾನವೊಂದನ್ನು ಕಟ್ಟುತ್ತಿದ್ದರು. ಎಂಜಿನ್ನಿನ ಕೆಲಸ ಬಲ್ಲವನೆಂದು ಈತನನ್ನು ಕರೆದುಕೊಂಡಿದ್ದರು.

ಎಂಜಿನ್ ಕಾರಿನದು, ಅದರಲ್ಲಿಯೂ ಮಜ್ದಾ ಕಂಪನಿಯ ರೋಟರಿ ಎಂಜಿನ್. ಟ್ರ್ಯಾಕ್ಟರು, ಲಾರಿಗಳಲ್ಲಿ ಪಿಸ್ಟನ್ ಒನಕೆಯ ಹಾಗೆ ಮೇಲೆ ಕೆಳಗೆ ಆಡುತ್ತದೆ. ರೋಟರಿಯಲ್ಲಿ ಒನಕೆಯಿಲ್ಲ, ಬೀಸುವ ಕಲ್ಲಿದೆ: ನಡು ಸ್ವಲ್ಪ ಒಳಕ್ಕೆ ಒತ್ತಿದ ಮೊಟ್ಟೆಯಾಕಾರದ ಕವಚದೊಳಗೆ ಮೂರು ಮೂಲೆಯ ರೋಟರು ಸುತ್ತುತ್ತದೆ. ಜರ್ಮನಿಯ ಫೆಲಿಕ್ಸ್ ವಾಂಕೆಲ್ ಯೋಚಿಸಿದ ಈ ಎಂಜಿನ್ ಮೊದಲು ತಿರುಗಿದ್ದು 1957ರಲ್ಲಿ. ಜಪಾನಿನ ಮಜ್ದಾ 1967ರಿಂದ ಅದನ್ನು ಕಾರುಗಳಲ್ಲಿಟ್ಟು ಮಾರಿತು. 1991ರಲ್ಲಿ ಫ್ರಾನ್ಸಿನ ಲ ಮಾನ್ ಎಂಬ ಇಪ್ಪತ್ನಾಲ್ಕು ಗಂಟೆಯ ಪಂದ್ಯವನ್ನೂ ಗೆದ್ದಿತು. ಎರಡು ರೋಟರಿನ 1308 ಸಿ.ಸಿ.ಯ ಎಂಜಿನ್ನಿನಲ್ಲಿ ಮುಖ್ಯವಾಗಿ ತಿರುಗುವುದು ಎರಡು ರೋಟರು, ಒಂದು ದಂಡ. ಕವಾಟಗಳಿಲ್ಲ, ಅದುರುವಿಕೆ ಕಡಿಮೆ, ತೂಕ ಕಡಿಮೆ, ಹಳೆಯ ಕಾರಿನಿಂದ ಬಿಚ್ಚಿದ್ದು ಅಗ್ಗವಾಗಿ ಸಿಗುತ್ತದೆ. ವಿಮಾನ ಕಟ್ಟುವ ಹವ್ಯಾಸಿಗಳು ಇದಕ್ಕೆ ಮರುಳಾಗುವುದರಲ್ಲಿ ಆಶ್ಚರ್ಯವಿಲ್ಲ.

ಇದು ದೂರದ ಮಾತೆಂದು ತಿಳಿಯಬೇಕಾಗಿಯೂ ಇಲ್ಲ. ನಿಶಾಂತ್ ಎಂಬ ಪೈಲಟ್ ರಹಿತ ವಿಮಾನಕ್ಕಾಗಿ ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದವರು, ಅಹ್ಮದನಗರದ ವಾಹನ ಸಂಶೋಧನಾ ಸಂಸ್ಥೆಯವರು ಸೇರಿ 55 ಅಶ್ವಶಕ್ತಿಯ ರೋಟರಿ ಎಂಜಿನ್ ಮಾಡಿದರು. 2009ರಲ್ಲಿ ಕೋಲಾರದ ಬಯಲಿನಿಂದ ಅದು ನಿಶಾಂತವನ್ನು ಹೊತ್ತು ಎದ್ದು, 35 ನಿಮಿಷ ಹಾರಿ, ಒಣಗಿದ ಕೆರೆಯಂಗಳವೊಂದರಲ್ಲಿ ಇಳಿಯಿತು. ನಮ್ಮ ನೆರೆಯ ಚಳ್ಳಕೆರೆಯ ಕಾವಲಿನಲ್ಲಿ 2017ರಲ್ಲಿ ವಿಮಾನ ಪರೀಕ್ಷಾ ವಲಯವೇ ತೆರೆಯಿತು. ಒಣಗಿದ ಕೆರೆ ನಮಗೆ ವಿಮಾನಕ್ಕಿಂತ ಹಳೆಯ ಪರಿಚಯ. ಅದಕ್ಕೊಂದು ಉಪಯೋಗ ಕಂಡುಹಿಡಿದವರ ಬುದ್ಧಿಗೆ ಮೆಚ್ಚಬೇಕು.

ಇರಲಿ. ರೋಟರಿಯ ಗುಣಗಳ ಜೊತೆಗೆ ಒಂದು ದೋಷವೂ ಉಂಟು. ಅದರ ಕವಚದ ಒಂದು ಪಕ್ಕದಲ್ಲಿ ಸದಾ ಬೆಂಕಿ, ಇನ್ನೊಂದು ಪಕ್ಕದಲ್ಲಿ ಸದಾ ತಣ್ಣನೆಯ ಗಾಳಿ. ಪಿಸ್ಟನ್ ಎಂಜಿನ್ನಿನಂತೆ ಒಂದೇ ಜಾಗ ಒಮ್ಮೆ ಬಿಸಿ ಒಮ್ಮೆ ತಂಪು ಆಗುವುದಿಲ್ಲ. ಕವಚವನ್ನು ನೀರು ತಣಿಸಬೇಕು, ಒಳಗಣ ರೋಟರನ್ನು ಎಣ್ಣೆ ತಣಿಸಬೇಕು, ಆ ನೀರನ್ನೂ ಎಣ್ಣೆಯನ್ನೂ ಗಾಳಿ ತಣಿಸಬೇಕು. ಕಾವು ಮಿತಿ ಮೀರಿದರೆ ಕವಚದ ತುಂಡುಗಳ ನಡುವಣ ಸೀಲುಗಳು ಸುಟ್ಟು ನೀರು ಒಳಕ್ಕೆ ಸೋರುತ್ತದೆ. ನೆಲದ ಮೇಲಾದರೆ ಗಾಡಿಯನ್ನು ಬೇವಿನ ಮರದ ಕೆಳಗೆ ನಿಲ್ಲಿಸಬಹುದು.

ಮೊದಲ ಹಾರಾಟದ ದಿನ ಏರಲು ತೊಡಗಿ ನಾಲ್ಕನೆಯ ನಿಮಿಷಕ್ಕೆ ನೀರಿನ ಕಾವಿನ ಮುಳ್ಳು ಆ ದೇಶದ ಲೆಕ್ಕದ 230 ಡಿಗ್ರಿ ದಾಟಿತಂತೆ; ನಮ್ಮ ಲೆಕ್ಕದಲ್ಲಿ 110. ವೃದ್ಧರು ಎಂಜಿನ್ನಿನ ಓಟ ಇಳಿಸಿ, ಸುತ್ತು ತಿರುಗಿ, ಹೇಗೋ ಪಟ್ಟಿಯ ಮೇಲೆ ಇಳಿದರು. ಎಂಜಿನ್ನಿನ ಕೆಳಗೆ ನೀರು ಹನಿಯುತ್ತಿತ್ತು. "ಬೆಂಕಿ ಆರಿಸುವ ಡಬ್ಬಿ ಹಿಡ್ಕೊಂಡು ಪಟ್ಟಿ ಪಕ್ಕ ನಿಂತಿದ್ದೆ ಸಾರ್. ರೇಡಿಯೇಟರಿಗೆ ಗಾಳಿ ತರೋ ನಾಳ ಮಾಡಿದವನು ನಾನು" ಎಂದ. ಎರಡನೆಯ ಸಲ ಗಾಳಿ ಸಾಲದೆಂದು ನಾಳದ ಮುಂತುದಿಯನ್ನು ಹಿಂದಕ್ಕೆ ಕತ್ತರಿಸಿ ಬಾಯಿಯನ್ನು ದುಪ್ಪಟ್ಟು ಅಗಲ ಮಾಡಿದನಂತೆ. ಕಾವು ಇಳಿಯಲಿಲ್ಲ, ವಿಮಾನದ ಓಟ ಮಾತ್ರ ಇಳಿಯಿತು.

ನಮಗೆ ಇದು ಅರ್ಥವಾಗಲಿಲ್ಲ. ದೊಡ್ಡ ಬಾಯಿಗೆ ದೊಡ್ಡ ತುತ್ತು ಎಂಬುದು ನಮ್ಮ ತಿಳಿವಳಿಕೆ. ಆತ ಟ್ರ್ಯಾಕ್ಟರಿನ ಒಂದು ಸಂಗತಿಯನ್ನು ನೆನಪಿಸಿದ. ಶೇಂಗಾ ಬಡಿಯುವ ಕಾಲದಲ್ಲಿ ರೇಡಿಯೇಟರಿಗೆ ಹೊಟ್ಟು ಮೆತ್ತಿ ಎಂಜಿನ್ ಕಾಯುತ್ತದೆ. ಆಗ ಕೆಲವು ಡ್ರೈವರುಗಳು ಗಾಳಿ ಧಾರಾಳವಾಗಿ ಆಡಲೆಂದು ಫ್ಯಾನಿನ ಸುತ್ತಲಿನ ತಗಡಿನ ಕವಚವನ್ನೇ ಬಿಚ್ಚಿ ಎಸೆಯುತ್ತಾರೆ. ಎಂಜಿನ್ ಇನ್ನೂ ಬೇಗ ಕುದಿಯುತ್ತದೆ. ಕವಚವಿದ್ದಾಗ ಫ್ಯಾನು ರೇಡಿಯೇಟರಿನ ಇಡೀ ಮೈಯಿಂದ ಗಾಳಿ ಎಳೆಯುತ್ತಿತ್ತು. ಕವಚ ಹೋದ ಮೇಲೆ ಅದೇ ಗಾಳಿ ಫ್ಯಾನಿನ ಅಂಚಿನಲ್ಲಿ ಹಿಂದೆ ಮುಂದೆ ಸುತ್ತುತ್ತಿರುತ್ತದೆ. ಗಾಳಿ ಎದುರಿಗಿದ್ದರೆ ಸಾಲದು, ಅದು ರೇಡಿಯೇಟರಿನ ರೆಕ್ಕೆಗಳ ಸಂದಿಯಲ್ಲಿ ನುಸುಳಬೇಕು. ನುಸುಳುವ ಕಷ್ಟವಿಲ್ಲದ ಬೇರೆ ದಾರಿ ಕಂಡರೆ ಗಾಳಿ ಆ ದಾರಿಯನ್ನೇ ಹಿಡಿಯುತ್ತದೆ.

"ನಾಳ ಬಾಯಲ್ಲಿ ಕಿರಿದಾಗಿದ್ದು ಒಳಗೆ ಹೋಗ್ತಾ ಅಗಲ ಆಗಬೇಕು ಸಾರ್. ಅಗಲ ಆದ ಹಾಗೆ ಗಾಳಿ ನಿಧಾನ ಆಗುತ್ತೆ, ನಿಧಾನ ಆದ ಹಾಗೆ ಒತ್ತಡ ಏರುತ್ತೆ. ಆ ಒತ್ತಡಾನೇ ಅದನ್ನ ರೇಡಿಯೇಟರಲ್ಲಿ ತಳ್ಳೋದು" ಎಂದು ಹೇಳಿ, ಸೀಮೆಸುಣ್ಣ ತೆಗೆದುಕೊಂಡು ಹಲಗೆಯ ಮೇಲೆ ಒಂದು ಕೊಳವೆ ಬರೆದ. ಅಗಲ, ಕಿರಿದು, ಮತ್ತೆ ಅಗಲ.

ಆ ಚಿತ್ರ ಕಂಡು ನಮ್ಮ ಮೈ ಬಿಸಿಯಾಯಿತು.

1998ರಲ್ಲಿ ಮಂಡಲ ಮಟ್ಟದ ವಿಜ್ಞಾನ ಮೇಳಕ್ಕೆಂದು ಇದೇ ಹುಡುಗ ಇದೇ ಕೊಳವೆಯನ್ನು ಮಾಡಿ ತಂದಿದ್ದ. ಆಸ್ಪತ್ರೆಯಲ್ಲಿ ಎಸೆದ ಗ್ಲೂಕೋಸಿನ ನಳಿಗೆ, ಎರಡು ಪ್ಲಾಸ್ಟಿಕ್ ಬಾಟಲು, ಸಂದಿಗಳಿಗೆ ಮೇಣ. ಮಲಗಿದ ಕೊಳವೆಯ ಮೇಲೆ ಮೂರು ಪಾರದರ್ಶಕ ನಳಿಗೆಗಳು ನೆಟ್ಟಗೆ ನಿಂತಿದ್ದವು. ನೀರು ಹರಿಸಿದಾಗ ಅಗಲದ ಕಡೆಗಳಲ್ಲಿ ನೀರು ಎತ್ತರಕ್ಕೆ ಏರಿತು, ನಡುವಿನ ಕಿರಿದಾದ ಕಡೆ ತಗ್ಗಿ ನಿಂತಿತು. ನಾವು ನೋಡಿ, "ಇದು ಸೋರುತ್ತಿದೆ. ಕಿರಿದಾದ ಕಡೆ ನೀರು ಇರುಕಿಕೊಳ್ಳುತ್ತದೆ, ಅಲ್ಲಿ ಒತ್ತಡ ಹೆಚ್ಚು, ಅಲ್ಲಿಯೇ ಎತ್ತರಕ್ಕೆ ಏರಬೇಕು" ಎಂದೆವು. ಹುಡುಗ ತಲೆ ತಗ್ಗಿಸಿ, "ಎಷ್ಟು ಸಲ ಮಾಡಿದರೂ ಹಿಂಗೇ ಬರುತ್ತೆ ಸಾರ್" ಎಂದ. ನಾವು ಕಳುಹಿಸಲಿಲ್ಲ. ಆ ವರ್ಷ ನಮ್ಮ ಶಾಲೆಯಿಂದ ಮೇಳಕ್ಕೆ ಹೋದದ್ದು ಜ್ವಾಲಾಮುಖಿಯ ಮಾದರಿ, ಪ್ರತಿ ವರ್ಷದಂತೆ.

ಇದರಲ್ಲಿ ಅಜ್ಞಾನ ಅರ್ಧ, ಇನ್ನರ್ಧ ಭಯ. ರಾಯದುರ್ಗ 1953ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿತ್ತು. ಆಂಧ್ರ ರಾಜ್ಯವಾದಾಗ ಅನಂತಪುರಕ್ಕೆ ಸೇರಿತು. ಅಂದಿನಿಂದ ಇಲ್ಲಿಯ ಕನ್ನಡ ಶಾಲೆಯ ಉಪಾಧ್ಯಾಯನಿಗೆ ತನ್ನ ಮಕ್ಕಳು ಎಲ್ಲಿಯೂ ನಗೆಪಾಟಲಾಗಬಾರದೆಂಬ ಎಚ್ಚರ ಸದಾ ಇರುತ್ತದೆ. ಮೇಳದ ಪರೀಕ್ಷಕರು ತೆಲುಗಿನವರು; ಹುಡುಗನ ಪಟ ಕನ್ನಡದಲ್ಲಿ. ಕನ್ನಡ ಶಾಲೆಯವರು ತಪ್ಪು ಪ್ರಯೋಗ ತಂದರೆಂಬ ಮಾತು ಬರಬಾರದೆಂದು ನಾವು ಸರಿಯಾದ ಪ್ರಯೋಗವನ್ನು ತಡೆದೆವು. ಶಿಕ್ಷಕ ತರಬೇತಿಯಲ್ಲಿ ನಮಗೆ ಕಲಿಸಿದ್ದು ಬೇರೆಯೇ: ಮಗು ಮಾಡಿ ತೋರಿಸಿದ್ದು ತಪ್ಪೆಂದು ಕಂಡರೆ ಅದನ್ನು ಮಗುವಿನ ಎದುರಿನಲ್ಲಿಯೇ ಮತ್ತೊಮ್ಮೆ ಮಾಡಿ ನೋಡಬೇಕು. ಪಾಠ ಟಿಪ್ಪಣಿಯಲ್ಲಿ ಅದನ್ನು ದುಂಡಗೆ ಬರೆದು ಅಂಕ ಪಡೆದವರು ನಾವು. ಆರು ವರ್ಷಗಳ ಮೇಲೆ ಬೇಸಿಗೆಯ ತರಬೇತಿಯೊಂದರಲ್ಲಿ ಭೌತಶಾಸ್ತ್ರದ ಪುಸ್ತಕ ತೆರೆದಾಗ ಹುಡುಗನ ಕೊಳವೆ ಅದರಲ್ಲಿತ್ತು. ಬರ್ನೂಲಿಯ ತತ್ತ್ವ. ಕಿರಿದಾದಲ್ಲಿ ವೇಗ ಹೆಚ್ಚು, ಒತ್ತಡ ಕಡಿಮೆ. ಅಷ್ಟರಲ್ಲಿ ಹುಡುಗ ಊರು ಬಿಟ್ಟಿದ್ದ. ವಿಳಾಸ ಹುಡುಕಬಹುದಾಗಿತ್ತು. ಹುಡುಕಲಿಲ್ಲ.

ಈಗ ಆತ ಹಲಗೆಯ ಮುಂದೆ ನಿಂತು ಅದೇ ತತ್ತ್ವವನ್ನು ನಮಗೆ ಹೇಳಿಕೊಡುತ್ತಿದ್ದ. ಅಂದು ನಾವು ಬಾಯಿ ಬಿಡಲಿಲ್ಲ. ಲೆಕ್ಕ ಮಾಡೋಣ ಎಂದಷ್ಟೇ ಅಂದೆವು.

ಲೆಕ್ಕ ಸುಲಭವಾಗಿಯೇ ಇತ್ತು. ಪೂರ್ಣ ಶಕ್ತಿಯಲ್ಲಿ ಆ ಎಂಜಿನ್ ನೀರಿಗೂ ಎಣ್ಣೆಗೂ ಬಿಡುವ ಶಾಖವನ್ನು ಸುಮಾರು 100 ಕಿಲೋವ್ಯಾಟ್ ಎಂದು ಹಿಡಿದೆವು. ಸಾವಿರ ವ್ಯಾಟಿನ ನೂರು ಹೀಟರುಗಳು ಒಟ್ಟಿಗೆ ಉರಿದಂತೆ. ಒಂದು ಕಿಲೋ ಗಾಳಿ ಒಂದು ಡಿಗ್ರಿ ಬಿಸಿಯಾಗಲು ಸುಮಾರು ಒಂದು ಕಿಲೋಜೂಲ್ ಬೇಕು. ರೇಡಿಯೇಟರನ್ನು ಹಾಯುವ ಗಾಳಿ 40 ಡಿಗ್ರಿ ಬಿಸಿಯಾಗುತ್ತದೆಂದರೆ ಸೆಕೆಂಡಿಗೆ ಎರಡೂವರೆ ಕಿಲೋ ಗಾಳಿ ಬೇಕಾಯಿತು. ಅಳತೆಯಲ್ಲಿ ಎರಡು ಘನ ಮೀಟರಿಗೆ ಸ್ವಲ್ಪ ಮೇಲೆ. ವಿಮಾನ ಮೇಲೇರುವಾಗಿನ ವೇಗ ಗಂಟೆಗೆ 160 ಕಿಲೋಮೀಟರ್, ಅಂದರೆ ಸೆಕೆಂಡಿಗೆ ಸುಮಾರು 45 ಮೀಟರ್. ಆ ವೇಗದಲ್ಲಿ ಅಷ್ಟು ಗಾಳಿಯನ್ನು ಒಳಗೆ ತೆಗೆದುಕೊಳ್ಳಲು ಎಷ್ಟು ಬಾಯಿ ಬೇಕು? ಒಂದು ಊಟದ ತಟ್ಟೆಯಷ್ಟು. ಅಷ್ಟೇ. ಆತ ಎರಡನೆಯ ಸಲ ಕತ್ತರಿಸಿದ್ದು ಅದರ ಎರಡರಷ್ಟು. ನುಂಗಲಾರದ ಗಾಳಿ ತುಟಿಯಿಂದ ಹೊರಕ್ಕೆ ಚೆಲ್ಲಿ ವಿಮಾನವನ್ನೇ ಹಿಡಿದೆಳೆಯುತ್ತಿತ್ತು.

ಒತ್ತಡದ ಲೆಕ್ಕವನ್ನು ನಾವು ಬಹಳ ಹೊತ್ತು ನೋಡುತ್ತ ಕುಳಿತೆವು. ಸೆಕೆಂಡಿಗೆ 45 ಮೀಟರ್ ವೇಗದ ಗಾಳಿಯನ್ನು ಪೂರ್ತಿ ತಡೆದು ನಿಲ್ಲಿಸಿದರೆ ಸಿಗುವ ಒತ್ತಡ, ನೀರಿನ ಕಂಬದ ಅಳತೆಯಲ್ಲಿ, ಸುಮಾರು 12 ಸೆಂಟಿಮೀಟರ್. ಗೇಣಿಗೂ ಕಡಿಮೆ. ವೇಗ ಅರ್ಧವಾದರೆ ಒತ್ತಡ ಅರ್ಧವಲ್ಲ, ಕಾಲು ಭಾಗ, 3 ಸೆಂಟಿಮೀಟರ್. ಮೇಲೇರಿ ನೇರವಾಗಿ ಗಂಟೆಗೆ 300 ಕಿಲೋಮೀಟರಿನಲ್ಲಿ ಹಾರುವಾಗ ಅದು 42 ಸೆಂಟಿಮೀಟರಿಗೆ ಏರುತ್ತದೆ. ಆಗ ಎಂಥ ನಾಳವಾದರೂ ನಡೆದೀತು. ಎಂಜಿನ್ ಅತಿ ಹೆಚ್ಚು ದುಡಿಯುವ, ವಿಮಾನ ಅತಿ ನಿಧಾನವಾಗಿರುವ ಏರುವ ಹೊತ್ತಿನಲ್ಲಿಯೇ ಕೈಯಲ್ಲಿರುವುದು ಗೇಣು ನೀರಿನ ಒತ್ತಡ. ಬರಗಾಲದ ನೀರಿನಂತೆ ಅದನ್ನು ಒಂದು ಹನಿ ಚೆಲ್ಲದೆ ರೇಡಿಯೇಟರಿನ ಮುಖಕ್ಕೆ ಮುಟ್ಟಿಸಬೇಕು.

ಚೆಲ್ಲುವುದು ಎಲ್ಲಿ? ನಾಳ ಥಟ್ಟನೆ ಅಗಲವಾದಲ್ಲಿ. ಗೋಡೆಗಳು ಒಂದರಿಂದೊಂದು 7ರಿಂದ 10 ಡಿಗ್ರಿಗಿಂತ ಹೆಚ್ಚು ಬಿರಿದುಕೊಂಡರೆ ಗಾಳಿ ಗೋಡೆಯನ್ನು ಬಿಟ್ಟು, ನಡುವೆ ಧಾರೆಯಾಗಿ ಹೋಗಿ, ಅಂಚುಗಳಲ್ಲಿ ಸುಳಿಯಾಗಿ ತಿರುಗುತ್ತದೆ. ಕಾಲುವೆಯ ನೀರು ಹೊಂಡಕ್ಕೆ ಬಿದ್ದಲ್ಲಿ ಮಕ್ಕಳು ಬಿಟ್ಟ ಕಾಗದದ ದೋಣಿ ಮೂಲೆಯಲ್ಲಿ ಹಿಂದಕ್ಕೆ ಬರುವುದನ್ನು ಯಾರು ನೋಡಿಲ್ಲ? ಆದರೆ 7 ಡಿಗ್ರಿಯ ಲೆಕ್ಕದಲ್ಲಿ ಹೋದರೆ ನಾಳ ವಿಮಾನದ ಮೂತಿಗಿಂತ ಉದ್ದವಾಗುತ್ತದೆ. ಇದಕ್ಕೆ ಪರಿಹಾರ 1953ರಲ್ಲಿ ಬಂದ ಒಂದು ಪುಸ್ತಕದಲ್ಲಿದೆಯೆಂದು ಆತ ಹೇಳಿದ. ಬರೆದವರು ಡೀಟ್ರಿಶ್ ಕೂಖೆಮಾನ್ ಮತ್ತು ಯೊಹಾನ್ನಾ ವೆಬರ್. ಯುದ್ಧದ ನಂತರ ಜರ್ಮನಿಯಿಂದ ಇಂಗ್ಲೆಂಡಿನ ಫಾರ್ನ್‌ಬರೋ ಸೇರಿದ ಇಬ್ಬರು ವಿಜ್ಞಾನಿಗಳು. ರೇಡಿಯೇಟರು ತಾನೇ ಗಾಳಿಗೆ ಅಡ್ಡ ನಿಲ್ಲುವುದರಿಂದ ಅದರ ಸಮೀಪದಲ್ಲಿ ಗಾಳಿ ತಾನಾಗಿ ಹರಡಿಕೊಳ್ಳಲು ನೋಡುತ್ತದೆ. ಆದ್ದರಿಂದ ನಾಳ ಬಹುದೂರ ಕಿರಿದಾಗಿಯೇ ಬಂದು, ರೇಡಿಯೇಟರಿನ ಹತ್ತಿರ ಮಾತ್ರ ದುಂಡಗೆ ಬಾಗಿ ಅರಳಿದರೆ ಗಾಳಿ ಗೋಡೆಯನ್ನು ಬಿಡುವುದಿಲ್ಲ. ಆತ ಬರೆದ ಆಕಾರ ನಮ್ಮ ಬೇಲಿಯ ಉಮ್ಮತ್ತಿ ಹೂವಿನ ಹಾಗಿತ್ತು.

ಯೊಹಾನ್ನಾ ವೆಬರ್ ವಿಚಾರವನ್ನು ನಾವು ಆಮೇಲೆ ತಿಳಿದುಕೊಂಡೆವು. 1910ರಲ್ಲಿ ಹುಟ್ಟಿದಾಕೆ. ಮೊದಲನೆಯ ಮಹಾಯುದ್ಧದಲ್ಲಿ ತಂದೆಯನ್ನು ಕಳೆದುಕೊಂಡು, ಗಣಿತ ಓದಿ, ಶಿಕ್ಷಕ ತರಬೇತಿಯನ್ನೂ ಮುಗಿಸಿದವರು. ನಾಜಿ ಪಕ್ಷಕ್ಕೆ ಸೇರದ ಕಾರಣ ಉಪಾಧ್ಯಾಯಿನಿಯ ಕೆಲಸ ಸಿಗಲಿಲ್ಲ; ಹೊಟ್ಟೆಪಾಡಿಗೆ ಬೇರೆ ಕೆಲಸ ಹಿಡಿದು ವಾಯುವಿನ ಗಣಿತಕ್ಕೆ ಬಂದರು. ಮುಂದೆ ಕಾನ್‌ಕಾರ್ಡ್ ವಿಮಾನದ ರೆಕ್ಕೆಯ ಗಣಿತದಲ್ಲಿ ಅವರ ಪಾಲಿತ್ತು. 104 ವರ್ಷ ಬದುಕಿ 2014ರಲ್ಲಿ ತೀರಿಕೊಂಡರು. ತರಬೇತಿ ಪಡೆದು ತರಗತಿ ಸಿಗದವರು ಅವರು. ತರಗತಿ ಸಿಕ್ಕಿಯೂ ತರಬೇತಿ ಮರೆತವರು ನಾವು.

ಮರುದಿನ ಶಾಲೆಯ ಹಜಾರದಲ್ಲಿ ಪ್ರಯೋಗ ನಡೆಯಿತು. ಕಾಲಿನ ಮೇಲೆ ನಿಲ್ಲುವ ಒಂದು ಫ್ಯಾನು. ಅದರ ಗಾಳಿ ತಿರುಚಿಕೊಂಡು ಬರುತ್ತದೆಂದು ಮುಂದೆ ಹನಿ ನೀರಾವರಿಯ ಕೊಳವೆಯನ್ನು ಗೇಣುಗೇಣಾಗಿ ಕತ್ತರಿಸಿ ಕಟ್ಟಿದ ಕಂತೆ. ಆ ಕೊಳವೆಗೆ ನಮ್ಮ ಜಿಲ್ಲೆಯಲ್ಲಿ ಕೊರತೆಯಿಲ್ಲ. ರೇಡಿಯೇಟರಿನ ಬದಲು ಸೊಳ್ಳೆಯ ಬಲೆಯನ್ನು ನಾಲ್ಕು ಮಡಿಕೆ ಮಾಡಿ ಬಿಗಿದ ಚೌಕಟ್ಟು. ಅದರ ಹಿಂದೆ ಸಾಲಾಗಿ 25 ರೇಷ್ಮೆ ಎಳೆಗಳು. ರಟ್ಟಿನಿಂದ ಆತ ಮೊದಲು ತನ್ನ ಹಳೆಯ ನಾಳವನ್ನೇ ಮಾಡಿದ. ಫ್ಯಾನು ಹಾಕಿದಾಗ ನಡುವಿನ ಒಂಬತ್ತು ಎಳೆ ಹಾರಿದವು. ಅಂಚಿನವು ಜೋತುಬಿದ್ದವು, ಒಂದೆರಡು ಬಲೆಗೇ ಅಂಟಿಕೊಂಡವು. ಹಳೆಯ ಕ್ಯಾಲೆಂಡರುಗಳ ದಪ್ಪ ಹಾಳೆ ಬಾಗಿಸಿ ಉಮ್ಮತ್ತಿಯ ಆಕಾರದ ಇನ್ನೊಂದು ನಾಳ ಮಾಡಿದ. ಬಾಯಿ ಮೊದಲಿನದರ ಅರ್ಧ. ಎಷ್ಟು ಎಳೆ ಹಾರಬಹುದೆಂದು ಮಕ್ಕಳನ್ನು ಕೇಳಿದೆವು. ಹೆಚ್ಚಿನವರು ನಾಲ್ಕು, ಐದು ಎಂದರು. ಹದಿನೇಳು ಹಾರಿದವು.

ಉಳಿದ ಎಂಟರ ಕಥೆಯೇನು? ಊದುಬತ್ತಿ ಹಚ್ಚಿ ಹಿಡಿದಾಗ ಹೊಗೆ ಚೌಕಟ್ಟಿನ ಅಂಚಿನ ಸಂದಿಯಲ್ಲಿ ಜಾರಿ ಹೋಗುತ್ತಿರುವುದು ಕಂಡಿತು. ಹಳೆಯ ಸೈಕಲ್ ಟ್ಯೂಬನ್ನು ಪಟ್ಟಿ ಮಾಡಿ ಅಂಟಿಸಿದ ಮೇಲೆ ಇಪ್ಪತ್ತೊಂದಾದವು. ಆರನೆಯ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತದ್ದು ಆಗ. ಅವರ ಮನೆಯವರದು ಹಿಟ್ಟಿನ ಗಿರಣಿ. "ಸಾರ್, ಎಲ್ಲರೂ ಗಾಳಿ ಒಳಗೆ ಬರೋದನ್ನೇ ನೋಡ್ತಿದ್ದೀರಿ. ಹೊರಗೆ ಹೋಗೋಕೆ ಬಾಗಿಲೆಲ್ಲಿ? ನಮ್ಮ ಗಿರಣೀಲಿ ಹಿಂದಿನ ಕಿಟಕಿ ಮುಚ್ಚಿದರೆ ಮುಂದಿನ ಬಾಗಿಲಿಂದ ಗಾಳಿ ಬರೋದೇ ಇಲ್ಲ" ಎಂದಳು.

ನಮ್ಮ ನಾಲಗೆಯ ತುದಿಗೆ "ಕೂತ್ಕೋ" ಎಂಬ ಮಾತು ಬಂದಿತ್ತು. ನುಂಗಿಕೊಂಡೆವು. ಆಕೆಯ ಪ್ರಶ್ನೆಯನ್ನು ಹಲಗೆಯ ಮೇಲೆ ಬರೆಯಲು ಹೇಳಿದೆವು.

ಆತ ಸುಣ್ಣದ ತುಂಡು ಹಿಡಿದು ಸುಮ್ಮನೆ ನಿಂತುಬಿಟ್ಟ. ವಿಮಾನದಲ್ಲಿ ಬಿಸಿಗಾಳಿ ಹೊರಬರುವ ಕಿಂಡಿ ಎಂಜಿನ್ನಿನ ಕವಚದ ಅಡಿಯಲ್ಲಿತ್ತು. ಮೇಲೇರುವಾಗ ಎದುರು ಗಾಳಿ ಬಡಿದು ಅಲ್ಲಿಯೂ ಒತ್ತಡ ನಿಲ್ಲುವಂಥ ಜಾಗ. ಮುಂದಿನ ಬಾಯಿಯನ್ನು ಎರಡು ಸಲ ಬದಲಿಸಿದವನು ಹಿಂದಿನ ಕಿಂಡಿಯನ್ನು ಮುಟ್ಟಿಯೇ ಇರಲಿಲ್ಲ. ಗೇಣು ಒತ್ತಡದಲ್ಲಿ ಅರ್ಧವನ್ನು ಈ ಕಿಂಡಿ ತಿಂದರೆ ರೇಡಿಯೇಟರಿಗೆ ಉಳಿಯುವುದೇನು? ಕಿಂಡಿಯನ್ನು ಹಿಂದಕ್ಕೆ ತಿರುಗಿಸಿ, ಏರುವಾಗ ಅಗಲವಾಗಿ ತೆರೆಯುವ, ಆಮೇಲೆ ಮುಚ್ಚಿಕೊಳ್ಳುವ ರೆಪ್ಪೆಯೊಂದನ್ನು ಇಡಬೇಕೆಂದು ಅಲ್ಲಿಯೇ ತೀರ್ಮಾನವಾಯಿತು. ಇದೇನೂ ಹೊಸದಲ್ಲ. 1935ರ ಸುಮಾರಿಗೆ ಇಂಗ್ಲೆಂಡಿನ ಮೆರಿಡಿತ್ ಎಂಬವರು, ರೇಡಿಯೇಟರಿನಲ್ಲಿ ಬಿಸಿಯಾಗಿ ಹಿಗ್ಗಿದ ಗಾಳಿಯನ್ನು ಸರಿಯಾದ ಕಿಂಡಿಯಿಂದ ಹಿಂದಕ್ಕೆ ಬಿಟ್ಟರೆ ಅದು ವಿಮಾನವನ್ನು ಸ್ವಲ್ಪ ಮುಂದಕ್ಕೂ ತಳ್ಳುತ್ತದೆಂದು ತೋರಿಸಿದ್ದರು. ಎರಡನೆಯ ಮಹಾಯುದ್ಧದ ಮಸ್ಟಾಂಗ್ ವಿಮಾನದ ಹೊಟ್ಟೆಯ ಕೆಳಗಿನ ನಾಳ ಆ ಬುದ್ಧಿಯದೇ. ಆದರೆ ನಮ್ಮ ಹಜಾರದಲ್ಲಿ ಅದನ್ನು ನೆನಪಿಸಿದ್ದು ಹಿಟ್ಟಿನ ಗಿರಣಿಯ ಕಿಟಕಿ.

ಆತ ಹೊರಡುವ ಹಿಂದಿನ ರಾತ್ರಿ ಊಟಕ್ಕೆ ಕರೆದಿದ್ದೆವು. ಊಟವಾದ ಮೇಲೆ ಅಂಗಳದಲ್ಲಿ ಕುಳಿತಾಗ ಹೇಳಿದೆವು. ಮೇಳದ ಮಾತು, ಕೊಳವೆಯ ಮಾತು, ಆರು ವರ್ಷದ ಮೇಲೆ ಪುಸ್ತಕ ನೋಡಿಯೂ ಬರೆಯದೆ ಇದ್ದ ಮಾತು. ಇಪ್ಪತ್ತಾರು ವರ್ಷ ಗಂಟಲಲ್ಲಿದ್ದದ್ದು ಹೊರಬರಲು ಎರಡು ನಿಮಿಷವೂ ಬೇಕಾಗಲಿಲ್ಲ. ಕತ್ತಲೆಯಲ್ಲಿ ಆತನ ಮುಖ ಕಾಣುತ್ತಿರಲಿಲ್ಲ. ಮರೆತಿದ್ದೇನೆ ಎಂದು ಉಪಚಾರಕ್ಕೆ ಹೇಳಿಯಾನೆಂದುಕೊಂಡೆವು, ಹೇಳಲಿಲ್ಲ. "ಮನೆಗೆ ಹೋಗಿ ಅದನ್ನ ಹಿತ್ತಲಲ್ಲಿ ಎಸೆದೆ ಸಾರ್. ಒಂದು ವರ್ಷ ಏನೂ ಮಾಡಲಿಲ್ಲ" ಎಂದ. ಬಹಳ ಹೊತ್ತು ಬಿಟ್ಟು, "ಆದರೆ ಸಾರ್, ಅದು ಸೋರ್ತಾನೂ ಇತ್ತು. ಮೂರನೇ ನಳಿಗೆ ಬುಡದಲ್ಲಿ. ಅದನ್ನ ನಾನು ಹೇಳಲಿಲ್ಲ" ಎಂದು ನಕ್ಕ. ನಮಗೆ ನಗು ಬಂತು, ಪೂರ್ತಿ ಬರಲಿಲ್ಲ.

ಕಾರ್ತಿಕದಲ್ಲಿ ಆತನಿಂದ ಸುದ್ದಿ ಬಂತು. ಹೊಸ ನಾಳ, ಹೊಸ ಕಿಂಡಿ, ಅಂಚಿಗೆಲ್ಲ ರಬ್ಬರು. ವೃದ್ಧರು ಹನ್ನೊಂದು ನಿಮಿಷ ಏರಿದರಂತೆ. ಮುಳ್ಳು ಆ ಲೆಕ್ಕದ 200ರಲ್ಲಿ, ನಮ್ಮ ಲೆಕ್ಕದ 93ರಲ್ಲಿ ನಿಂತಿತಂತೆ. ಎಣ್ಣೆಯ ಕಾವು ಇನ್ನೂ ಬೇಕಾದಷ್ಟು ಇಳಿದಿಲ್ಲ, ಅದಕ್ಕೆ ಬೇರೆ ನಾಳ ಮಾಡುತ್ತಿದ್ದಾನೆ. ಗಿರಣಿಯ ಹುಡುಗಿಗೆ ತಿಳಿಸಬೇಕೆಂದು ಬರೆದಿದ್ದ. ತರಗತಿಯಲ್ಲಿ ಓದಿ ಹೇಳಿದೆವು. ಆಕೆ ನಾಚಿಕೊಂಡು ಮೇಜಿನ ಕೆಳಗೆ ಮುಖ ಇಟ್ಟಳು.

ಆಕೆಯೂ ಇನ್ನಿಬ್ಬರು ಹುಡುಗರೂ ಸೇರಿ ಈ ವರ್ಷ ಮೂರು ನಳಿಗೆಯ ಕೊಳವೆಯನ್ನು ಮತ್ತೆ ಮಾಡಿದ್ದಾರೆ. ಪಟ ಕನ್ನಡದಲ್ಲಿಯೇ ಇದೆ. ನಡುವಿನ ನಳಿಗೆಯಲ್ಲಿ ನೀರು ತಗ್ಗಿ ನಿಲ್ಲುತ್ತದೆ. ಮೂರನೆಯದರಲ್ಲಿ ಮತ್ತೆ ಏರುತ್ತದೆ, ಆದರೆ ಮೊದಲನೆಯದಕ್ಕಿಂತ ಅರ್ಧ ಬೆರಳು ಕೆಳಗೆ. ಅದು ಯಾಕೆಂದು ಮಕ್ಕಳು ಕೇಳುತ್ತಿದ್ದಾರೆ. ಸೋರುತ್ತಿಲ್ಲ, ಬುಡದಲ್ಲಿ ಬೆರಳಿಟ್ಟು ನೋಡಿದ್ದೇವೆ.